ಹಸಿರು ಬಣ್ಣದ ಕೆಳಗೆ

ನಾಲ್ಕನೇ ಬೋಲ್ಟೂ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಮಿಲಿಟರಿ ಯಜಮಾನರು ಲಾರಿಯ ಅಡಿಯಿಂದ ತೆವಳಿಕೊಂಡು ಹೊರಬಂದು ಪಾನಾವನ್ನು ನೆಲಕ್ಕೆ ಕುಕ್ಕಿದರು.

"ತಲೆಗೇ ವೆಲ್ಡಿಂಗ್ ಬಡಿದಿದಾನೆ! ಬೋಲ್ಟ್ ಅನ್ನೋದು ಇರೋದೇ ಬಿಚ್ಚೋಕೆ ಕಣೇ. ಈ ಪುಣ್ಯಾತ್ಮ ಬಿಚ್ಚೋದನ್ನೆಲ್ಲ ಬೆಸೆದಿದಾನೆ, ಬೆಸೆಯೋದಕ್ಕೆಲ್ಲ ತಂತಿ ಸುತ್ತಿದಾನೆ."

ಹೆಂಡತಿ ಚಹಾದ ಲೋಟವನ್ನು ಮಡ್‌ಗಾರ್ಡಿನ ಮೇಲಿಟ್ಟರು. "ಅದನ್ನ ಅವರಿಗೇ ಹೇಳಿ. ಈಗ ಬರ್ತಾರೆ."

"ಯಾರು?"

"ಐಸಿನವರು, ಇದನ್ನ ನಿಮಗೆ ಮಾರಿದವರು. ನಾನೇ ಫೋನ್ ಮಾಡಿ ಕರೆದೆ. ಮೂರು ತಿಂಗಳಿಂದ ಅವರ ಪಾಲಿನ ಬೈಗುಳವೆಲ್ಲ ನನ್ನ ಕಿವಿಗೇ ಬೀಳ್ತಿದೆ. ಒಂದು ದಿನವಾದ್ರೂ ವಾರಸುದಾರರೇ ತಗೊಂಡು ಹೋಗ್ಲಿ."

ಯಜಮಾನರು ಸೈನ್ಯದ ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷ ಮೆಕ್ಯಾನಿಕ್ ಆಗಿದ್ದವರು. ಐಸ್ ಫ್ಯಾಕ್ಟರಿಯ ಹಿತ್ತಲಲ್ಲಿ ತುಕ್ಕು ಹಿಡಿದು ನಿಂತಿದ್ದ ಈ ಲಾರಿಯ ನಂಬರು ನೋಡಿ, ನಮ್ಮದೇ ವರ್ಕ್‌ಶಾಪಿನ ಗಾಡಿ ಅಂತ ಗುರುತು ಹಿಡಿದು ಕೊಂಡು ತಂದಿದ್ದರು. ಬರುವ ಭಾನುವಾರ ಹಳೆಯ ಸಂಗಾತಿಗಳೆಲ್ಲ ಬರುವವರಿದ್ದರು. ನಮ್ಮ ಕೈಬಿಟ್ಟ ದಿನ ಹೇಗಿತ್ತೋ ಹಾಗೇ ನಿಲ್ಲಿಸ್ತೀನಿ ಎಂದು ಎಲ್ಲರಿಗೂ ಹೇಳಿ ಆಗಿತ್ತು. ಆದರೆ ನಡುವಿನ ಇಪ್ಪತ್ತೆಂಟು ವರ್ಷ ಅದು ಐಸು ಹೊತ್ತಿತ್ತು. ಹಿಂಭಾಗದಲ್ಲಿ ಎರಡು ಪದರದ ಹಲಗೆ ಗೋಡೆ, ನಡುವೆ ಮರದ ಹೊಟ್ಟು. ಡ್ರೈವರನ ಸೀಟು ಯಾವುದೋ ಬಸ್ಸಿನದು, ದೀಪಗಳು ಟ್ರ್ಯಾಕ್ಟರಿನವು. ಒಂದನ್ನು ಕಿತ್ತರೆ ಇನ್ನೆರಡು ಕಾಣಿಸಿಕೊಳ್ಳುತ್ತಿದ್ದವು.

ಐಸಿನವರು ಬಂದರು. ಗೇಟಿನಲ್ಲೇ ನಿಂತು ಲಾರಿಯನ್ನು ಮೇಲಿಂದ ಕೆಳಗೆ ನೋಡಿದರು.

"ಅಯ್ಯೋ, ಬೋಳು ಮಾಡಿಬಿಟ್ರಲ್ಲ ಸಾರ್!"

"ಮೊದಲು ಇದಕ್ಕೆ ಉತ್ತರ ಹೇಳಿ. ಒಳಗಿನ ತಂತಿಗಳೆಲ್ಲ ಕೆಂಪು. ಯಾವುದು ಎಲ್ಲಿಗೆ ಹೋಗುತ್ತೆ ಅಂತ ಗೊತ್ತಾಗೋದು ಹೇಗೆ?"

"ಅಂಗಡೀಲಿ ಆವತ್ತು ಕೆಂಪು ಒಂದೇ ಇತ್ತು."

"ಹಾರನ್ ಒತ್ತಿದ್ರೆ ವೈಪರ್ ತಿರುಗುತ್ತೆ!"

"ಈಗಲೂ ತಿರುಗುತ್ತಾ?" ಐಸಿನವರ ಮುಖ ಅರಳಿತು. "ನೋಡಿ ಮತ್ತೆ! ನಾನು ಕೈಹಾಕೋ ಮೊದಲು ಅದೂ ತಿರುಗ್ತಿರಲಿಲ್ಲ."

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಆಚೆ ತಿರುಗಿದರು. ಯಜಮಾನರ ಕಿವಿ ಕೆಂಪೇರಿತು. "ಬಾಗಿಲಿನ ಕೀಲು ಬೆಸೆದದ್ದು ಯಾಕೆ?"

"ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಐಸು ಮುಟ್ಟಬೇಕಿತ್ತು ಸಾರ್. ನಾನು ಊರೆಲ್ಲ ಅಲೆದು ಕೀಲು ಹುಡುಕ್ಕೊಂಡು ಬರೋತನಕ ಅದು ಕರಗದೆ ಕೂತಿರುತ್ತಾ?"

"ನಮ್ಮ ವರ್ಕ್‌ಶಾಪಲ್ಲಿ ಇಂಥ ಕೆಲಸ ಮಾಡಿದ್ರೆ ಪಾನಾ ಕಿತ್ತುಕೊಂಡು ಅಡುಗೆಮನೆಗೆ ಅಟ್ತಿದ್ವಿ. ಬನ್ನಿ ಇಲ್ಲಿ, ನಿಮ್ಮ ಘನಕಾರ್ಯ ತೋರಿಸ್ತೀನಿ!"

ಇಬ್ಬರೂ ಗೋಣಿ ಹಾಸಿಕೊಂಡು ಲಾರಿಯ ಅಡಿಯಲ್ಲಿ ಅಂಗಾತ ಮಲಗಿದರು. ಯಜಮಾನರು ಗೇರ್‌ಬಾಕ್ಸನ್ನು ಹೊತ್ತಿದ್ದ ಅಡ್ಡಪಟ್ಟಿಗೆ ಟಾರ್ಚ್ ಬಿಟ್ಟರು. ಅದು ಲಾರಿಯ ಸಾಮಾನೇ ಅಲ್ಲ. ಎರಡೂ ತುದಿಯಲ್ಲಿ ವೆಲ್ಡಿಂಗು ಉಂಡೆ ಉಂಡೆಯಾಗಿ ಮೆತ್ತಿಕೊಂಡಿತ್ತು.

"ಕಬ್ಬಿಣದ ಮಂಚದ ಪಟ್ಟಿ ರೀ ಇದು! ಇಷ್ಟು ದೊಡ್ಡ ಗೇರ್‌ಬಾಕ್ಸನ್ನ ಮಂಚದ ಮೇಲೆ ಮಲಗಿಸಿದೀರಲ್ಲ, ಒಂದು ದಿಂಬೂ ಕೊಡೋದಲ್ವಾ?"

ಐಸಿನವರು ಕಣ್ಣು ಕಿರಿದು ಮಾಡಿ ನೋಡಿದರು. "ಇದು ನಂದಲ್ಲ."

"ಮತ್ತೆ ನಮ್ಮ ತಾತಂದಾ?"

"ಮೇಲಿನ ನೀಲಿ ಬಣ್ಣ ನಂದು, ಒಪ್ಕೋತೀನಿ. ಪಟ್ಟಿ ಮಾತ್ರ ನಾನು ತಗೊಂಡಾಗಲೇ ಹೀಗೇ ಇತ್ತು. ನಂಬಿಕೆ ಇಲ್ದಿದ್ರೆ ಕೆರೆದು ನೋಡಿ."

ಯಜಮಾನರು ಸ್ಕ್ರೂಡ್ರೈವರಿನಿಂದ ಸಿಟ್ಟಿನಲ್ಲೇ ಕೆರೆದರು. ನೀಲಿ ಬಣ್ಣ ಹೊಪ್ಪಳೆಯಾಗಿ ಎದ್ದು ಎದೆಯ ಮೇಲೆ ಉದುರಿತು. ಕೆಳಗೆ ಸೈನ್ಯದ ಹಸಿರು. ಆ ಹಸಿರು ಚಾಸಿಯಿಂದ ಹೊರಟು ವೆಲ್ಡಿಂಗಿನ ಉಂಡೆಗಳ ಮೇಲೆ ಹಾದು, ಎಲ್ಲೂ ಬಿರುಕಿಲ್ಲದೆ ಪಟ್ಟಿಯ ಮೇಲೂ ಹರಡಿತ್ತು. ವೆಲ್ಡಿಂಗು ಅದರ ಕೆಳಗಿತ್ತು.

ಪಟ್ಟಿಯಲ್ಲಿದ್ದ ಎರಡು ತೂತುಗಳ ಮೇಲೆ ಅವರ ಬೆರಳು ನಿಂತುಬಿಟ್ಟಿತು. ಘಟ್ಟದ ಮೇಲಿನ ಆ ಠಾಣೆ, ಸಾಲಾಗಿ ಕಾಯುತ್ತಿದ್ದ ಹನ್ನೊಂದು ಲಾರಿ, ಐದೈದು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದ ಅಧಿಕಾರಿ. ಈ ಲಾರಿಯ ಅಡ್ಡಪಟ್ಟಿ ಮುರಿದಿತ್ತು, ಕೇಳಿದ್ದ ಬಿಡಿಭಾಗ ಬಂದಿರಲಿಲ್ಲ. ಯಜಮಾನರೇ ಬ್ಯಾರಕ್ಕಿಗೆ ಓಡಿಹೋಗಿ ತಮ್ಮದೇ ಮಂಚದ ಪಟ್ಟಿ ಕಳಚಿ ತಂದಿದ್ದರು. ಬೆಸೆದು, ಬಿಸಿ ಆರುವ ಮುಂಚೆಯೇ, ಅಧಿಕಾರಿಯ ಕಣ್ಣಿಗೆ ಬೀಳದಿರಲೆಂದು ಹಸಿರು ಬಳಿದಿದ್ದರು. ಆಮೇಲೆ ಎರಡು ತಿಂಗಳು ನೆಲದ ಮೇಲೆ ಮಲಗಿದ್ದರು.

"ಇಪ್ಪತ್ತೆಂಟು ವರ್ಷ ಓಡಿಸ್ದೆ ಸಾರ್," ಐಸಿನವರು ಪಕ್ಕದಲ್ಲಿ ಹೇಳುತ್ತಿದ್ದರು. "ಏನೇನೋ ಮುರೀತು. ಇದೊಂದು ಜಗ್ಗಲಿಲ್ಲ. ಮುಟ್ಟೋಕೆ ಹೆದರಿಕೆ ಆಗಿ ನಾನೂ ಹಾಗೇ ಬಿಟ್ಟೆ."

ಹೆಂಡತಿ ಬಗ್ಗಿ ಇಣುಕಿದರು. "ಏನ್ರೀ ಅದು? ಯಾರು ಮಾಡಿದ್ದು ಅಂತ ಗೊತ್ತಾಯ್ತಾ?"

"ಗೊತ್ತಾಯ್ತು," ಎಂದರು ಯಜಮಾನರು. ಟಾರ್ಚ್ ಆರಿಸಿದರು. "ಸರಿಯಾದ್ದು ಬಂದ ತಕ್ಷಣ ಬದಲಾಯಿಸ್ತೀನಿ ಅಂದಿದ್ದ."