ಮೂರನೆಯ ಚರಣ

“ಹಾಡು ಮುಗಿಯೋವರೆಗೂ ಇಬ್ಬರೂ ಬಾಯಿಗೆ ಬೀಗ ಹಾಕ್ಕೊಂಡಿರಬೇಕು,” ಎಂದ ತಮ್ಮ. “ಕಂಪ್ಯೂಟರಿನಿಂದ ಈ ತಂತಿಯಲ್ಲಿ ಹೊರಟು, ಆ ಪೆಟ್ಟಿಗೆಯೊಳಗೆ ಹೊಕ್ಕು, ಈ ಇನ್ನೊಂದು ತಂತಿಯಲ್ಲಿ ವಾಪಸು ಬರಬೇಕು ಅದು. ಅವಸರ ಮಾಡೋ ಹಾಗಿಲ್ಲ. ನಡುವೆ ಯಾರಾದರೂ ಮಾತಾಡಿದರೆ ಮತ್ತೆ ಮೊದಲಿಂದ.”

ಕೊನೆಯ ಮಾತು ಶುದ್ಧ ಸುಳ್ಳು. ಮೈಕು ಕಪಾಟಿನಲ್ಲಿ ಬಟ್ಟೆ ಸುತ್ತಿಕೊಂಡು ಮಲಗಿತ್ತು. ತಂತಿಯೊಳಗೆ ಹರಿಯುವ ಹಾಡಿಗೆ ಕೋಣೆಯಲ್ಲಿ ಗುಡುಗು ಹೊಡೆದರೂ ಕೇಳುವುದಿಲ್ಲ. ಆದರೆ ಅಕ್ಕಂದಿರಿಬ್ಬರನ್ನು ಒಂದು ಹಾಡಿನ ಹೊತ್ತು ಸುಮ್ಮನೆ ಕೂರಿಸುವುದಕ್ಕೆ ಅವನಿಗೆ ಬೇರೆ ಉಪಾಯ ಹೊಳೆದಿರಲಿಲ್ಲ. ಮನಸ್ಸಿನಲ್ಲೇ ದೇವರಿಗೆ ತಪ್ಪಾಯಿತೆಂದು ಕೈಮುಗಿದು ಕುರ್ಚಿ ಎಳೆದುಕೊಂಡ.

ದೊಡ್ಡಕ್ಕ ಕಿಟಕಿಯ ಪಕ್ಕ ಮಂಚದ ಮೇಲೆ, ಚಿಕ್ಕಕ್ಕ ಬಾಗಿಲ ಬಳಿ ಸ್ಟೂಲಿನ ಮೇಲೆ. ನಡುವೆ ನಾಲ್ಕು ಮಾರು ಜಾಗವಿದ್ದಿದ್ದರೆ ಅಷ್ಟೂ ದೂರ ಕೂರುತ್ತಿದ್ದರೇನೋ. ಹಿಂದೊಂದು ದಿನ ನೆಂಟರೆದುರು ಚಿಕ್ಕಕ್ಕ “ಅಕ್ಕನಿಗೆ ಈಗೀಗ ಶ್ರುತಿ ನಿಲ್ಲಲ್ಲ” ಎಂದುಬಿಟ್ಟಿದ್ದಳು. ಚಿಕ್ಕಂದಿನಿಂದ ಜೋಡಿಯಾಗಿ ಹಾಡಿಕೊಂಡು ಬಂದವರು ಅವತ್ತಿನಿಂದ ಮಾತು ಬಿಟ್ಟರು. ಅಮ್ಮ ಕಲಿಸಿದ ಪ್ರಾರ್ಥನೆಯ ಹಾಡೊಂದು ಅವರ ಜೊತೆಗೇ ಕಳೆದುಹೋಗಬಾರದೆಂದು ತಮ್ಮ ಇಬ್ಬರ ಕಾಲಿಗೂ ಬಿದ್ದಿದ್ದಕ್ಕೆ ಹಾಡಿ ರೆಕಾರ್ಡ್ ಮಾಡಿಸಲು ಒಪ್ಪಿದ್ದರು, ಅದೂ ಬೇರೆ ಬೇರೆ ದಿನ ಬಂದು. ಮೊದಲು ದೊಡ್ಡಕ್ಕ ಹಾರ್ಮೋನಿಯಮ್ಮಿನ ಜೊತೆ ಹಾಡಿ ಹೋದಳು. ಆಮೇಲೆ ಚಿಕ್ಕಕ್ಕ ಬಂದು, ಹೆಡ್‌ಫೋನಿನಲ್ಲಿ ಅಕ್ಕನ ದನಿ ಕೇಳುತ್ತ ತನ್ನದನ್ನು ಸೇರಿಸಿದಳು. ಇವತ್ತು ಎರಡೂ ದನಿ ಬೆರೆಸಿ ಹಾಡಿಗೆ ಕೊನೆಯ ಹದ. ಎಲ್ಲಿ ತನ್ನ ದನಿ ತಗ್ಗಿಸಿ ಆಕೆಯದನ್ನು ಏರಿಸಿಬಿಡುತ್ತಾನೋ ಎಂದು ಇಬ್ಬರೂ ಕಾವಲಿಗೆ ಬಂದಿದ್ದರು. ಚೂರು ಹೆಚ್ಚುಕಮ್ಮಿಯಾದರೂ ತನ್ನ ದನಿ ಅಳಿಸಿಹಾಕಬೇಕೆಂದು ದೊಡ್ಡಕ್ಕ ಹೊಸ್ತಿಲಲ್ಲೇ ಹೇಳಿದ್ದಳು.

“ಎಲ್ಲ ಕಂಪ್ಯೂಟರಿನಲ್ಲೇ ಆಗುತ್ತೆ ಅಂತಿದ್ದೆ. ಈ ಕಬ್ಬಿಣದ ಪೆಟ್ಟಿಗೆ ಯಾಕೋ?” ಎಂದಳು ದೊಡ್ಡಕ್ಕ.

“ಆಗುತ್ತಕ್ಕ. ಆದರೆ ಇದರಲ್ಲಿ ಹಾದು ಬಂದರೆ ದನಿಗೆ ಮೈ ತುಂಬುತ್ತೆ. ಜೋರಾಗಿರೋದನ್ನ ಒಂಚೂರು ಅದುಮುತ್ತೆ, ಮೆಲ್ಲಗಿರೋದನ್ನ ಎತ್ತಿ ಮುಂದೆ ತರುತ್ತೆ. ಗೆಳೆಯನದು, ಸಂಜೆ ವಾಪಸು ಕೊಡಬೇಕು.”

“ಪೆಟ್ಟಿಗೆ ಮೇಲೆ ಗಡಿಯಾರದ ಥರ ಎರಡು ಮುಳ್ಳಿದೆಯಲ್ಲ, ನಂದು ಯಾವುದು?” ಚಿಕ್ಕಕ್ಕ ಕತ್ತು ಚಾಚಿದಳು.

“ಎಡಗಡೇದು ನಂದು ಅಂತ ಅವಳಿಗೆ ಹೇಳು. ಹುಟ್ಟಿದ್ದು ನಾನು ಮೊದಲು.”

“ಅಯ್ಯೋ ಕರ್ಮವೇ! ಒಂದು ಎಡಗಿವಿಗೆ, ಇನ್ನೊಂದು ಬಲಗಿವಿಗೆ. ಎರಡರಲ್ಲೂ ಇಬ್ಬರೂ ಇದ್ದೀರಿ. ಈಗ ಉಸಿರೆತ್ತಬೇಡಿ,” ಎಂದು ತಮ್ಮ ಹಾಡು ಶುರುಮಾಡಿದ.

ಮೊದಲ ಚರಣ ಹಾಯಾಗಿ ಸಾಗಿತು. ಎರಡನೆಯದರಲ್ಲಿ ದೊಡ್ಡಕ್ಕ ಕಣ್ಣು ಮುಚ್ಚಿದಳು, ಚಿಕ್ಕಕ್ಕನ ಬೆರಳು ಮಂಡಿಯ ಮೇಲೆ ತಾಳ ಹಾಕತೊಡಗಿತು. ಮುಂಜಾನೆ ಒಲೆಯ ಮುಂದೆ ಕೂತು ಅಮ್ಮ ಗುನುಗುತ್ತಿದ್ದ ಧಾಟಿಯೇ ಅದು. ಕೋಣೆ ದೇವರ ಮನೆಯಷ್ಟು ತಣ್ಣಗಾಯಿತು.

ಮೂರನೆಯ ಚರಣದಲ್ಲಿ ಒಂದು ಉದ್ದನೆಯ ಎಳೆತವಿದೆ. ಅಲ್ಲಿಗೆ ಬರುವ ಹೊತ್ತಿಗೆ ದೊಡ್ಡಕ್ಕನ ಉಸಿರು ಸೋತು ಸ್ವರ ಕೂದಲೆಳೆಯಷ್ಟು ಕೆಳಗೆ ಜಾರಿತು. ಇಷ್ಟು ದಿನ ಹಾರ್ಮೋನಿಯಮ್ಮಿನ ಮರೆಯಲ್ಲಿ ತಮ್ಮನ ಕಿವಿಗೂ ಬೀಳದೆ ಅಡಗಿದ್ದ ಜಾರು ಅದು. ಪೆಟ್ಟಿಗೆ ಹಾರ್ಮೋನಿಯಮ್ಮನ್ನು ಅದುಮಿ ಅದನ್ನು ಎತ್ತಿ ಮುಂದೆ ನಿಲ್ಲಿಸಿಬಿಟ್ಟಿತು. ನೆಂಟರೆದುರು ಆಡಿದ ಮಾತಿಗೆ ಈಗ ಸಾಕ್ಷಿಯೇ ಸಿಕ್ಕ ಹಾಗಾಯಿತು. ದೊಡ್ಡಕ್ಕ ಎದ್ದು ಹೋದರೆ ಹಾಡೂ ಹೋಯಿತು, ಅಕ್ಕತಂಗಿಯರೂ ಹೋದರು. ಹಾಡು ನಿಲ್ಲಿಸುವ ಗುಂಡಿಯತ್ತ ಕೈ ಚಾಚಿದ ತಮ್ಮ ಅಲ್ಲೇ ತಡೆದ. ಜಾರಿದ ದನಿಯ ಪಕ್ಕಕ್ಕೆ ಇನ್ನೊಂದು ದನಿ ಇಳಿದು ಬರುತ್ತಿತ್ತು. ಸರಿಯಾದ ಜಾಗದಲ್ಲೇ ನಿಂತಿದ್ದ ಚಿಕ್ಕಕ್ಕನ ಸ್ವರ ಆ ಜಾಗ ಬಿಟ್ಟು, ಅಕ್ಕನ ಸ್ವರ ಬಿದ್ದಲ್ಲಿಗೇ ಹೋಗಿ ಜೊತೆಯಾಯಿತು. ಅರೆಗಳಿಗೆ ಅಲ್ಲೇ ಇದ್ದು ಎರಡೂ ಒಟ್ಟಿಗೆ ಮೇಲೆ ಹತ್ತಿದವು.

ದೊಡ್ಡಕ್ಕ ಕಣ್ಣು ಬಿಟ್ಟಳು.

“ಅಲ್ಲಿ ನೀನ್ಯಾಕೆ ಇಳಿದೆ?”

‘ಅವಳಿಗೆ ಹೇಳು’ ಎನ್ನಲಿಲ್ಲ. ನೇರ ಬಾಗಿಲ ಕಡೆಗೇ ಕೇಳಿದಳು.

ಚಿಕ್ಕಕ್ಕ ಉಗುರು ನೋಡಿಕೊಳ್ಳುತ್ತ, “ನೀನು ಇಳಿದೆಯಲ್ಲ,” ಎಂದಳು.

“ನೀನು ನಿನ್ನ ಪಾಡಿಗೆ ಸರಿಯಾಗಿ ನಿಂತಿದ್ರೆ, ತಪ್ಪಿದ್ದು ನಾನು ಅಂತ ಎಲ್ಲರಿಗೂ ಗೊತ್ತಾಗ್ತಿತ್ತು.”

“ಅದಕ್ಕೇ ಇಳಿದೆ.”

ಹಾಡು ತನ್ನಷ್ಟಕ್ಕೆ ತಾನು ಪೆಟ್ಟಿಗೆ ಹೊಕ್ಕು ಹೊರಬಂದು ಕೊನೆಮುಟ್ಟಿತು. ದೊಡ್ಡಕ್ಕ ಮೂಗೊರೆಸಿಕೊಂಡು ಮಂಚದ ಮೇಲೆ ಒಂಚೂರು ಸರಿದು ಕೂತಳು. ಪಕ್ಕದಲ್ಲಿ ಒಬ್ಬರಿಗೆ ಆಗುವಷ್ಟು ಜಾಗವಾಯಿತು. ಚಿಕ್ಕಕ್ಕ ಕರೆಯಿಸಿಕೊಳ್ಳದೆ ಎದ್ದು ಬಂದು ಕೂತಳು.

ತಮ್ಮ ಅವರತ್ತ ಕುರ್ಚಿ ತಿರುಗಿಸಿದ. “ಅಕ್ಕಾ, ಆ ಜಾಗ ಒಂದನ್ನ ಕಂಪ್ಯೂಟರಿನಲ್ಲಿ ಎತ್ತಿ ಕೂರಿಸ್ತೀನಿ. ಇಬ್ಬರದೂ ಸರಿಹೋಗುತ್ತೆ. ನರಪಿಳ್ಳೆಗೂ ಗೊತ್ತಾಗಲ್ಲ.”

“ಮುಟ್ಟಿದರೆ ಕೈ ಮುರಿದೇನು,” ಎಂದಳು ದೊಡ್ಡಕ್ಕ. “ನಾನು ಜಾರಿದ್ದು ಕೇಳಿದರೆ ಕೇಳಲಿ. ಇವಳು ಇಳಿದು ಬಂದದ್ದು ಕೇಳಬೇಕು.”