ಒಂದು ಗ್ಲಾಸ್, ಮೂರು ಸ್ಟ್ರಾ

ಎರಡನೆಯ ಬಾರಿನಲ್ಲಿ ಅವಳು ಸಿಕ್ಕಿಬೀಳುವುದು ಕೂದಲೆಳೆಯಲ್ಲಿ ತಪ್ಪಿತು. ಇಬ್ಬರು ಗೆಳತಿಯರ ಜೊತೆ ಕೂತಿದ್ದ ಬ್ಯೂಟಿ ಪಾರ್ಲರಿನವಳು ಥಟ್ಟನೆ ತಿರುಗಿ ಅವಳಿದ್ದ ಮೂಲೆಯ ಮೇಜಿನ ಕಡೆ ನೋಡಿದಳು. ಅವಳು ಬಗ್ಗಿ, ಸರಿಯಾಗಿಯೇ ಇದ್ದ ಚಪ್ಪಲಿಯ ಪಟ್ಟಿಯನ್ನು ಬಿಗಿದುಕೊಂಡಳು. ತಲೆಯೆತ್ತುವಷ್ಟರಲ್ಲಿ ಆ ಮೂವರು ಮತ್ತೆ ನಗುವಿನಲ್ಲಿ ಮುಳುಗಿದ್ದರು.

ಜನರನ್ನು ಹಿಂಬಾಲಿಸುವುದು ಅವಳ ಕಸುಬು. ಚಪ್ಪಲಿ ರಿಪೇರಿ ಅಂಗಡಿಯ ಮೇಲಿನ ಕೋಣೆಯೇ ಆಫೀಸು. ಗಂಡನಿಗೆ ಹೆಂಡತಿಯ ಮೇಲೆ, ಪಾಲುದಾರನಿಗೆ ಪಾಲುದಾರನ ಮೇಲೆ ಅನುಮಾನ ಬಂದರೆ ಆ ಮೆಟ್ಟಿಲು ಹತ್ತುತ್ತಾರೆ. ಏಳನೆಯ ತರಗತಿಗೇ ಶಾಲೆ ಬಿಟ್ಟವಳನ್ನು ಯಜಮಾನರು ಒಂದೇ ನೋಟಕ್ಕೆ ಕೆಲಸಕ್ಕೆ ತೆಗೆದುಕೊಂಡಿದ್ದರು. "ನಿನ್ನ ಮುಖ ಯಾರಿಗೂ ನೆನಪಿರಲ್ಲಮ್ಮ. ಅದೇ ನಿನ್ನ ಡಿಗ್ರಿ" ಎಂದಿದ್ದರು. ಜೊತೆಗೆ ಒಂದು ನಿಯಮ: ಗೋಡೆಯ ಬಣ್ಣದ ಬಟ್ಟೆ ಹಾಕು, ಸಿಕ್ಕಿಬಿದ್ದೆಯೋ, ಅಲ್ಲಿಗೆ ಮುಗಿಯಿತು.

ಇವತ್ತು ಸಿಕ್ಕಿಬಿದ್ದರೆ ಇಡೀ ಸಂಜೆ ಕೈತಪ್ಪಿ ಹೋಗುತ್ತದೆ. ಅದು ಅವಳಿಗೆ ಗೊತ್ತಿತ್ತು. ಆದರೂ ಹಳದಿ ಅಂಗಿ ಹಾಕಿಕೊಂಡಿದ್ದಳು. ಹೊಸದು.

ಹೂವಿನಂಗಡಿಯವಳ ಬೆನ್ನು ಹತ್ತಿದ್ದು ಹೋದ ತಿಂಗಳು. ಮನೆ ಬಿಟ್ಟುಹೋದ ಗಂಡನಿಗೆ, ಅವಳು ಯಾರ ಜೊತೆ ಓಡಾಡುತ್ತಾಳೆ ಎಂದು ತಿಳಿಯಬೇಕಿತ್ತು. ಯಜಮಾನರು ಕೊಟ್ಟ ವಿವರದಲ್ಲಿ ಹೂವಿನಂಗಡಿಯವಳ ಹುಟ್ಟಿದ ದಿನವನ್ನು ಅವಳು ಎರಡು ಸಲ ಓದಿದ್ದಳು. ಆಮೇಲೆ ದಿನವೂ ಹೂವಿನಂಗಡಿಯ ಎದುರಿನ ಬಸ್ ನಿಲ್ದಾಣದಲ್ಲಿ ಕೂತು ನೋಡಿದಳು. ಗಂಡಸರು ಯಾರೂ ಇರಲಿಲ್ಲ. ಇದ್ದವರು ಇಬ್ಬರು ಗೆಳತಿಯರು, ಪಾರ್ಲರಿನವಳು ಮತ್ತು ಒಬ್ಬ ನರ್ಸು. ಬಾಡಿದ ಹೂಗಳನ್ನು ಎಸೆಯುವ ಮುನ್ನ ಹೂವಿನಂಗಡಿಯವಳು ಅವುಗಳಿಗೆ ಏನೋ ಹೇಳುತ್ತಿದ್ದಳು. ಅದೇನೆಂದು ರಸ್ತೆಯ ಈಚೆಗೆ ಕೇಳಿಸುತ್ತಿರಲಿಲ್ಲ.

ಹುಟ್ಟುಹಬ್ಬದ ಯೋಜನೆ ಕಿವಿಗೆ ಬಿದ್ದದ್ದು ಪಾರ್ಲರಿನಲ್ಲಿ, ಕೂದಲು ಕತ್ತರಿಸಿಕೊಳ್ಳಲು ಕೂತಾಗ. ಒಂದೇ ಸಂಜೆ, ನಾಲ್ಕು ಬಾರು, ನಾಲ್ಕರಲ್ಲೂ ಮಾರ್ಗರಿಟಾ, ಗ್ಲಾಸಿನ ಅಂಚಿಗೆ ಉಪ್ಪು ಹಚ್ಚಿ ಕೊಡುವ ಕಾಕ್‌ಟೇಲ್. ಯಾವುದು ಚೆನ್ನ ಎಂದು ತೀರ್ಪು ಕೊಡಬೇಕು. ಒಂದೊಂದು ಬಾರಿನಲ್ಲೂ ಒಂದೇ ಗ್ಲಾಸ್, ಮೂರು ಸ್ಟ್ರಾ. "ನಾಲ್ಕನೇ ಬಾರ್‌ಗೂ ನಡ್ಕೊಂಡೇ ಹೋಗ್ಬೇಕು ಕಣ್ರೇ, ತೆವಳ್ಕೊಂಡಲ್ಲ" ಎಂದು ನರ್ಸು ಹೇಳಿದ್ದಳು. ಅಂದು ಕೂದಲು ಕತ್ತರಿಸುತ್ತ ಅವಳ ತಲೆಯನ್ನು ಅರ್ಧ ಗಂಟೆ ಕೈಯಲ್ಲಿ ಹಿಡಿದಿದ್ದ ಪಾರ್ಲರಿನವಳೇ ಇವತ್ತು ಅವಳ ಗುರುತು ಹಿಡಿಯಲಿಲ್ಲ.

ಮೂರನೆಯ ಬಾರಿನಲ್ಲಿ ಅವಳು ಕಂಬದ ಹಿಂದಿನ ಮೇಜು ಹಿಡಿದಳು.

"ಒಂದು ಮಾರ್ಗರಿಟಾ. ಮೂರು ಸ್ಟ್ರಾ."

"ಮೂರಾ?" ಎಂದ ವೇಟರ್.

"ಇನ್ನಿಬ್ರು ಬರ್ತಾರೆ."

ಬಾರಿನಲ್ಲಿ ಒಂಟಿ ಹೆಣ್ಣು ಕೂತರೆ ಎಲ್ಲರ ಕಣ್ಣೂ ಅವಳ ಮೇಲೆ. ಯಾರಿಗೋ ಕಾಯುತ್ತಿರುವವಳನ್ನು ಯಾರೂ ತಿರುಗಿ ನೋಡುವುದಿಲ್ಲ. ಅವಳು ಮೂರೂ ಸ್ಟ್ರಾಗಳನ್ನು ಗ್ಲಾಸಿನೊಳಗಿಟ್ಟಳು.

ಆಚೆ ಮೇಜಿನಲ್ಲಿ ತೀರ್ಪು ನಡೆದಿತ್ತು.

"ಇದೇನೇ ಇದು, ಸಮುದ್ರಕ್ಕೆ ಬಾಯಿ ಹಾಕಿದ ಹಾಗಿದೆ!" ಎಂದಳು ಪಾರ್ಲರಿನವಳು.

"ನೀನು ಬರೀ ಅಂಚಿನ ಉಪ್ಪು ನೆಕ್ಕಿದ್ರೆ ಇನ್ನೇನಾಗುತ್ತೆ? ಹೀರು ಮಾರಾಯ್ತಿ" ಎಂದಳು ನರ್ಸು.

ಹೂವಿನಂಗಡಿಯವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಕಂಬದ ಹಿಂದೆ ಅವಳೂ ಸ್ಟ್ರಾ ತುಟಿಗಿಟ್ಟಳು. ಉಪ್ಪು ನಿಜಕ್ಕೂ ಜಾಸ್ತಿಯಾಗಿತ್ತು. ಅವಳಿಗೂ ನಗು ಬಂತು.

ಆಮೇಲೆ ಹಾಡು ಶುರುವಾಯಿತು. ಇಬ್ಬರು ಗೆಳತಿಯರು ಎದ್ದು ನಿಂತು ಹುಟ್ಟುಹಬ್ಬದ ಹಾಡು ಹಾಡಿದರು, ಅಕ್ಕಪಕ್ಕದ ಮೇಜಿನವರು ಚಪ್ಪಾಳೆ ತಟ್ಟಿದರು. ಹೆಸರು ಬರುವ ಜಾಗದಲ್ಲಿ ಅವಳು ಕಣ್ಣು ಮುಚ್ಚಿಕೊಂಡಳು.

ಕಣ್ಣು ತೆರೆದಾಗ ಪಾರ್ಲರಿನವಳು ಅವಳನ್ನೇ ನೋಡುತ್ತಿದ್ದಳು.

ಅಲ್ಲಿಗೇ ಮನೆಗೆ ಹೋಗಬಹುದಿತ್ತು. ಆದರೆ ಇನ್ನೊಂದು ಬಾರು ಉಳಿದಿತ್ತು, ಇನ್ನೊಂದು ಹಾಡು. ಅವಳು ಹೋದಳು.

ನಾಲ್ಕನೆಯ ಬಾರಿನಲ್ಲಿ ಗ್ಲಾಸು ಬರುತ್ತಿದ್ದಂತೆಯೇ ಮೂವರೂ ಅವಳ ಮೇಜಿನ ಮುಂದೆ ನಿಂತಿದ್ದರು.

"ರೀ ಹಳದಿ ಅಂಗಿ," ಎಂದಳು ಪಾರ್ಲರಿನವಳು, "ಹೋದಲ್ಲೆಲ್ಲ ನೀವೇ ಇರ್ತೀರಲ್ಲ, ಏನ್ ಸಮಾಚಾರ?"

ಹೂವಿನಂಗಡಿಯವಳ ಮುಖ ಬಿಳಿಚಿಕೊಂಡಿತ್ತು. "ಅವನು ಕಳಿಸಿದ್ನಾ? ಡೈವೋರ್ಸ್ ಪೇಪರಿಗೆ ಸಹಿ ಹಾಕಿ ಕೊಟ್ಟು ವಾರ ಆಯ್ತಲ್ಲ. ಇನ್ನೂ ಏನು ಬೇಕಂತೆ ಅವನಿಗೆ?"

"ಯಾರೂ ಕಳಿಸಿಲ್ಲ ಅಕ್ಕಾ. ನಾನೇ ಬಂದೆ."

"ನೀವೇ ಬಂದ್ರಾ? ಯಾಕೆ?"

ಉತ್ತರ ನಾಲಿಗೆಯ ತುದಿಯಲ್ಲಿತ್ತು. ಮೂರು ಜೊತೆ ಕಣ್ಣುಗಳು ಅವಳ ಮುಖವನ್ನೇ ನೋಡುತ್ತಿದ್ದವು. ಅಷ್ಟು ಜನ ಒಟ್ಟಿಗೆ ಅವಳನ್ನು ಎಂದೂ ನೋಡಿರಲಿಲ್ಲ. ಅವಳು ತಲೆ ತಗ್ಗಿಸಿದಳು.

"ನೋಡಿದ್ಯಾ, ಬಾಯೇ ಇಲ್ಲ" ಎಂದು ಪಾರ್ಲರಿನವಳು ಗೆಳತಿಯ ತೋಳು ಹಿಡಿದಳು. "ನಡೀರೇ ಮನೆಗೆ."

ನರ್ಸು ಹಿಂದೆ ಉಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಹುಟ್ಟಿದ ದಿನ ಕಣಮ್ಮ ಇವತ್ತು. ಇದೊಂದು ದಿನ ಆದ್ರೂ ನೆಮ್ಮದಿಯಾಗಿ ಇರೋಕೆ ಬಿಡಬಾರದಾ?"

ಬಾಗಿಲು ಮುಚ್ಚಿತು. ಆಚೆ ಮೇಜಿನ ಗ್ಲಾಸನ್ನು ಯಾರೂ ಮುಟ್ಟಿರಲಿಲ್ಲ. ವೇಟರ್ ಅದನ್ನು ಎತ್ತಿಕೊಂಡು ಹೋದ.

ಫೋನು ಗುನುಗಿತು. ಯಜಮಾನರು.

"ಏನಮ್ಮಾ, ಮನೇಲಿದ್ದೀಯ? ನಾಳೆ ಬೆಳಿಗ್ಗೆ ಬೇಗ ಬಾ, ಹೊಸ ಕೇಸು ಬಂದಿದೆ. ಹೂವಿನಂಗಡಿ ಕೇಸು ಮುಚ್ಚಿದ ಮೇಲೆ ಖಾಲಿ ಕೂತಿದ್ದೀಯಲ್ಲ."

"ಬರ್ತೀನಿ ಸಾರ್."

"ಅಂದ ಹಾಗೆ, ಯಾವತ್ತೂ ಕೇಳದವಳು ಇವತ್ತು ರಜೆ ಕೇಳಿದ್ಯಲ್ಲ, ಯಾಕೆ?"

"ಹುಟ್ಟುಹಬ್ಬ ಇತ್ತು ಸಾರ್."

"ಹೌದಾ! ಯಾರದು?"

ಅವಳು ಯಾರ ತುಟಿಯೂ ತಾಗದ ಎರಡು ಸ್ಟ್ರಾಗಳನ್ನು ಗ್ಲಾಸಿನಿಂದ ತೆಗೆದು ಪಕ್ಕಕ್ಕಿಟ್ಟು, "ನಂದು" ಎಂದಳು.