ಹಟ್ಟಿ ಬಿಟ್ಟ ಕಪ್ಪು ಕುಳಿ

"ನಕ್ಷತ್ರಗಳಿಗೂ ಹಟ್ಟಿ ಐತೆ ಗೌಡ್ರೇ," ಎಂದು ಮರುಳಸಿದ್ದಪ್ಪ ಮೇಷ್ಟ್ರು ಹೇಳಿದಾಗ ಕಾಟಯ್ಯನ ಕತ್ತರಿ ಕುರಿಯ ಬೆನ್ನಿನ ಮೇಲೆ ಅರ್ಧ ದೂರ ಬಂದಿತ್ತು. ಮೇಷ್ಟ್ರು ಕಂಬಳಿ ಕೊಳ್ಳಲು ಬಂದವರು. ಹೊಸದುರ್ಗದ ಹೈಸ್ಕೂಲಿಗೆ ವರ್ಗವಾಗಿ ಬಂದು ತಿಂಗಳಾಗಿತ್ತಷ್ಟೆ. ಕೇಳುವ ಕಿವಿ ಸಿಕ್ಕರೆ ಸಾಕು, ಪಾಠ ಶುರು. ಕಂಕುಳಲ್ಲಿ ಎಪ್ಪತ್ತೈದನೇ ಇಸವಿಯ ಯಾವುದೋ ವಿಜ್ಞಾನದ ಮಾಸಿಕ ಬೇರೆ.

"ಆ ಹಟ್ಟಿಗೆ ಗ್ಯಾಲಕ್ಸಿ ಅಂತಾರೆ. ಅದರ ನಟ್ಟನಡುವೆ ಕಪ್ಪು ಕುಳಿ ಇರಬೋದಂತೆ. ಬೆಳಕನ್ನೂ ಆಚೆಗೆ ಬಿಡದಷ್ಟು ಭಾರ, ಕಣ್ಣಿಗೆ ಕಾಣಾಕಿಲ್ಲ. ಅಂಥವು ಎರಡು ಇದ್ದ ಕಡೆ ಮೂರನೇದು ಬಂತು ಅನ್ನಿ, ಎಳೆದಾಟ ಆಗಿ ಒಂದನ್ನ ಹಟ್ಟಿಯಿಂದಾನೇ ಹೊರಗೆ ಎಸೆದುಬಿಡ್ತಾವೆ. ಯಾರೂ ಕಂಡಿಲ್ಲ, ಲೆಕ್ಕ ಹಾಕಿ ಹೇಳವ್ರೆ."

ಹಟ್ಟಿಯಿಂದ ಹೊರಗೆ ಎಂಬ ಮಾತಿಗೆ ಕಾಟಯ್ಯ ಕುರಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಗೋಡೆಗೊರಗಿ ಕದಿರಿನಲ್ಲಿ ಉಣ್ಣೆ ನೂಲುತ್ತಿದ್ದ ತಾಯಿ ಕೆಂಚಕ್ಕನ ಕಡೆ ನೋಡುವ ಧೈರ್ಯವಾಗಲಿಲ್ಲ. ಮೂರು ತಿಂಗಳ ಹಿಂದೆ ತಮ್ಮ ಚಿತ್ತಪ್ಪ, ಹಟ್ಟಿಯಾಚೆ ಗುಡಿಸಲಲ್ಲಿದ್ದ ಬಾಣಂತಿ ಹೆಂಡತಿಯನ್ನು, ಕೂಸಿನ ಸಮೇತ, ಸೂತಕ ಕಳೆಯುವ ಮೊದಲೇ, ಜಡಿಮಳೆ ಹಿಡಿಯಿತೆಂದು ಒಳಗೆ ಕರೆತಂದಿದ್ದ. ಅದು ಹಟ್ಟಿಯ ಕಟ್ಟಳೆಗೆ ವಿರುದ್ಧ; ಕಟ್ಟಳೆ ಕಾಯುವ ಗೌಡ ಕಾಟಯ್ಯನೇ. ತಮ್ಮನೆಂದು ಬಿಟ್ಟರೆ ನಾಲ್ಕು ಜನ ಆಡಿಕೊಳ್ಳುತ್ತಾರೆಂದು ಹೊರಗೆ ಹಾಕಿದ. ಚಿತ್ತಪ್ಪನ ಹೊಸಿಲು ತುಳಿದವರೂ ಹೊರಗೇ ಎಂದು, ಯಾರೂ ಕೇಳದಿದ್ದರೂ, ತಾನೇ ಸೇರಿಸಿದ.

ಚಿತ್ತಪ್ಪ ಬಾಗೂರಿನ ಹತ್ತಿರ ಜೋಪಡಿ ಹಾಕಿಕೊಂಡ. ಕೆಂಚಕ್ಕ ಅಂದಿನಿಂದ ದೊಡ್ಡ ಮಗನ ಜೊತೆ ಮಾತು ಬಿಟ್ಟಳು. ಮುದ್ದೆ ಇಕ್ಕುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಅದು ಕಾಟಯ್ಯನನ್ನು ಒಳಗೊಳಗೇ ತಿನ್ನುತ್ತಿತ್ತು. ಇದೆಲ್ಲ ಹೊಸ ಮೇಷ್ಟ್ರಿಗೆ ಹೇಗೆ ಗೊತ್ತಿರಬೇಕು!

"ಒಂಟಿಯಾಗೇ ಹೋಗ್ತೈತಾ ಅದು?" ಕಾಟಯ್ಯ ಕುರಿಯನ್ನೇ ನೋಡುತ್ತ ಕೇಳಿದ.

"ಎಲ್ಲಾದ್ರೂ ಉಂಟಾ! ತೀರಾ ಹತ್ರ ಸುತ್ತುತಿದ್ದ ನಕ್ಷತ್ರಗಳು ಅದನ್ನ ಬಿಡಾಕಿಲ್ಲ, ಜೊತೇಲೇ ಹೊಲ್ಟೋಗ್ತವೆ. ದೂರದವು ಉಳ್ಕಂತವೆ, ಅಷ್ಟೆ."

ಕದಿರು ನಿಂತಿತು.

"ಹಂಗಾರೆ ಮೇಷ್ಟ್ರೇ," ಎಂದಳು ಕೆಂಚಕ್ಕ, "ನಾನ್ಯಾಕೆ ಇಲ್ಲೇ ಉಳ್ಕಂಡೆ?"

ಕಾಟಯ್ಯ ಕತ್ತರಿ ಕೆಳಗಿಟ್ಟು ಕುರಿಯ ಕಾಲಿನ ಹಗ್ಗ ಬಿಚ್ಚಿದ. ಅದು ಅರ್ಧ ಮೈಯ ಉಣ್ಣೆ ಜೋತಾಡಿಸಿಕೊಂಡು ಎದ್ದು ಹೋಯಿತು. ಮೇಷ್ಟ್ರ ಮುಂದಿದ್ದ ಹೊಸ ಕಂಬಳಿಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡ.

"ನಿಮಗೆ ಇನ್ನೊಂದು ನೇಯ್ಸಿ ಕೊಡ್ತೀನಿ, ಬೇಜಾರು ಮಾಡ್ಕಬ್ಯಾಡ್ರಿ. ಇದು ಕೂಸಿಗೆ," ಎಂದವನು ತಾಯಿಯ ಕಡೆ ತಿರುಗಿದ. "ಎದ್ದೇಳವ್ವ, ಬಾಗೂರಿಗೆ ಹೋಗಾಣ. ಹೊತ್ತು ಮುಳುಗೋದ್ರೊಳಗೆ ಸೇರ್ಕಬೋದು."

ಮೂರು ತಿಂಗಳ ಮೇಲೆ ಕೆಂಚಕ್ಕ ದೊಡ್ಡ ಮಗನ ಮುಖ ನೋಡಿದಳು.

"ಅವನ ಹೊಸಿಲು ತುಳಿದ್ರೆ ನಿನ್ನೂ ಹೊರಗಾಕ್ತಾರಲ್ಲೋ?"

"ಹೊರಗಾಕೋ ಗೌಡ ನಾನೇ ಅಲ್ವೇನವ್ವ?" ಎಂದ ಕಾಟಯ್ಯ. "ನಾನೇ ಹೋದ್ಮೇಲೆ ಹಾಕೋರ್ಯಾರು?"